ನೀನು ಕೇಳಿದ ಒಂದು ಪ್ಯಾರಾ

ಪ್ರಿಯ ಬೂಷ್ಟು,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಒಂದು ಪ್ಯಾರಾ. "ಸಂಶೋಧನೆ ಯಾಕೆ ಬಿಟ್ಟೆ, ಈಗ ಏನು ಮಾಡಬೇಕು ಅಂತಿದ್ದೀಯ, ಅಷ್ಟು ಬರೆದು ಕಳಿಸು ಮಾರಾಯ್ತಿ, ಮಿಕ್ಕಿದ್ದು ಆಮೇಲೆ ನೋಡೋಣ" ಅಂದೆ. ಐದು ಸಲ ಬರೆದು ಅಳಿಸಿದೆ. ಕೊನೆಗೆ ಇಲ್ಲೇ, ಎಲ್ಲರೆದುರು ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ನೀನು ತಕ್ಷಣ ಫೋನ್ ಮಾಡಿ ಮಧ್ಯೆ ಬಾಯಿ ಹಾಕುತ್ತೀಯ. ಓದುತ್ತಿರುವ ಉಳಿದವರು ದಯವಿಟ್ಟು ಬೂಷ್ಟು ಯಾರು ಅಂತ ಕೇಳಬೇಡಿ. ಅವನಿಗೀಗ ಇಂಗ್ಲೆಂಡಿನಲ್ಲಿ ಮರ್ಯಾದೆ ಇದೆ.

ಚಿಕ್ಕಮಗಳೂರಿನಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಗಿರಿ ಕಾಣದೆ ಹತ್ತು ದಿನವಾಯಿತು. ಹಿತ್ತಲಿನ ಎಂಟು ಕಾಫಿ ಗಿಡಗಳಲ್ಲಿ ಐದಕ್ಕೆ ಎಲೆ ತುಕ್ಕು ರೋಗ ಹಿಡಿದಿದೆ. ಎಲೆ ಮಗುಚಿದರೆ ಅದೇ ಕಿತ್ತಳೆ ಪುಡಿ, ಬೆರಳಿಗೆಲ್ಲ. "ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡೆಸಬೇಕಿತ್ತು" ಎಂದು ಅತ್ತೆ ದಿನಕ್ಕೊಮ್ಮೆ ಹೇಳುತ್ತಾರೆ. ಬೇಡ ಅಂದವಳು ನಾನೇ.

ನೀನು ಹೇಳಿದ ಡಾಫ್ನಿ ಜಾಕ್ಸನ್ ಕಥೆ ನನಗೆ ತುಂಬ ಹಿಡಿಸಿತು. 1971ರಲ್ಲಿ ಬ್ರಿಟನ್ನಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆದ ಮೊದಲ ಹೆಂಗಸು. ಓದಿದ ಹೆಂಗಸರೆಲ್ಲ ಮಕ್ಕಳಾದ ಮೇಲೆ ಸಿಕ್ಕ ಕೆಲಸಕ್ಕೆ ಸೇರುವುದನ್ನು ನೋಡಲಾಗದೆ 1985ರಲ್ಲಿ ಅವರನ್ನು ಸಂಶೋಧನೆಗೆ ವಾಪಸ್ ಕರೆತರುವ ಯೋಜನೆ ಶುರು ಮಾಡಿದಳು. 1991ರಲ್ಲಿ ಆಕೆ ತೀರಿಕೊಂಡಳು, ಮರುವರ್ಷ ಅವಳ ಹೆಸರಿನ ಟ್ರಸ್ಟ್ ಬಂತು. ಅರ್ಧ ಹೊತ್ತಿನ ಕೆಲಸ, ಎರಡು ವರ್ಷ, ಜೊತೆಗೆ ಮರೆತದ್ದನ್ನು ಮತ್ತೆ ಕಲಿಯಲು ತರಬೇತಿ. ಅಲ್ಲಿ ಗಂಡಸರೂ ಅರ್ಜಿ ಹಾಕಬಹುದು ಅಂದೆಯಲ್ಲ, ಆ ಮಾತು ತಲೆಯಲ್ಲಿ ಕೂತಿದೆ. ನಮ್ಮ ಸರ್ಕಾರದ ಇಂಥದ್ದೇ ಯೋಜನೆ ವೈಸ್-ಕಿರಣ್ ಹೆಂಗಸರಿಗೆ ಮಾತ್ರ. ಒಳ್ಳೆಯದೇ, ಬೇಕಿತ್ತು. ಆದರೆ ಮಗು ನೋಡಿಕೊಳ್ಳಲು ಲ್ಯಾಬು ಬಿಟ್ಟ ಗಂಡಸಿಗೆ ಅರ್ಜಿಯೇ ಇಲ್ಲ ಅಂದರೆ, ಮಗು ನೋಡಿಕೊಳ್ಳುವುದು ಯಾರ ಕೆಲಸ ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ ಆಗಲ್ವಾ?

ಸರಿ, ಪ್ಯಾರಾ.

ಈ ಫೆಬ್ರವರಿ 28ಕ್ಕೆ ಇಲ್ಲಿನ ಒಂದು ಕಾಲೇಜಿನಲ್ಲಿ ವಿಜ್ಞಾನ ದಿನದ ಭಾಷಣಕ್ಕೆ ಕರೆದಿದ್ದರು. ಪರಿಚಯ ಮಾಡಿದ ಮೇಡಂ "ಮಗುವಿಗಾಗಿ ಸಂಶೋಧನೆಯನ್ನೇ ತ್ಯಾಗ ಮಾಡಿದವರು" ಅಂದರು. ಚಪ್ಪಾಳೆ. ನಾನೂ ಕಣ್ಣು ತಗ್ಗಿಸಿ ಕೂತಿದ್ದೆ, ತ್ಯಾಗಮಯಿಗೆ ತಕ್ಕ ಹಾಗೆ. ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಮೇಡಂ, ನಿಮ್ಮ ಕೊನೇ ಪ್ರಯೋಗದ ರಿಸಲ್ಟ್ ಏನು ಬಂತು?" ಎಂದು ಕೇಳಿದಳು. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಬೂಷ್ಟು. ಮಗು ಎಷ್ಟು ತಿಂಗಳಿಗೆ ನಡೆಯಿತು ಅಂತ ಕೇಳಿದ್ದಾರೆ. ನಾನು ಏನೋ ಹೇಳಿ ಕೂತೆ. ಹಣ್ಣಿನ ಬುಟ್ಟಿ ಮನೆಗೆ ತಂದೆ, ತಿನ್ನಲು ಆಗಲಿಲ್ಲ. (ಸಪೋಟ ಮಾತ್ರ ತಿಂದೆ.)

ನಮ್ಮಲ್ಲೂ ಯೋಜನೆ ಇಲ್ಲದೆ ಇರಲಿಲ್ಲ. ಮಹಿಳಾ ವಿಜ್ಞಾನಿಗಳ ಯೋಜನೆ 2002-03ರಿಂದಲೇ ಇತ್ತು. ಜೈವಿಕ ತಂತ್ರಜ್ಞಾನ ಇಲಾಖೆಯ ಅಂಥದ್ದೇ ಯೋಜನೆ ಬಯೋಕೇರ್ 2011ರಲ್ಲಿ ಬಂತು. ನಾನು ಬಿಟ್ಟದ್ದು 2014ರಲ್ಲಿ. "ಆಗ ಇದೆಲ್ಲ ಗೊತ್ತೇ ಇರಲಿಲ್ಲ, ಹಳ್ಳಿ ಕಡೆಗೆ ಬಂದುಬಿಟ್ಟೆ" ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಗೊತ್ತಿತ್ತು. ನೋಟಿಸು ನಮ್ಮ ಬೋರ್ಡಿನಲ್ಲೇ ಇತ್ತು, ಆಟೋಕ್ಲೇವ್ ಪಕ್ಕ. ನಾನು ಅದರ ಮೇಲೆ ನನ್ನ ರಜೆ ಚೀಟಿ ಅಂಟಿಸಿದ್ದೆ.

ಡಬ್ಬ ನಂಬರ್ 7 ನೆನಪಿದೆಯಲ್ಲ. ತುಕ್ಕಿನ ಶಿಲೀಂಧ್ರ ಲ್ಯಾಬಿನ ಅಗಾರ್ ಜೆಲ್ಲಿ ಮೇಲೆ ಬೆಳೆಯುವ ಜಾತಿಯದ್ದಲ್ಲ, ಅದಕ್ಕೆ ಜೀವ ಇರುವ ಎಲೆಯೇ ಬೇಕು. ಹಾಗಾಗಿ ಎಲೆ ಬಿಲ್ಲೆ ಕತ್ತರಿಸು, ಡಬ್ಬದಲ್ಲಿ ಅಂಗಾತ ಮಲಗಿಸು, ಸ್ಪೋರಿನ (ಶಿಲೀಂಧ್ರದ ಬೀಜ ಅನ್ನು) ನೀರು ಹನಿ ಬಿಡು, ಕತ್ತಲಲ್ಲಿಡು, ಮೂರು-ನಾಲ್ಕು ವಾರ ಕಾಯಿ. ಎಲ್ಲ ಡಬ್ಬಗಳಲ್ಲೂ ಚುಕ್ಕೆ ಎದ್ದಿತು. ಏಳರಲ್ಲಿ ಒಂದೂ ಇಲ್ಲ. ತುಕ್ಕನ್ನು ತಡೆಯುವ ಗಿಡ ಸಿಕ್ಕಿತು ಎಂದು ಕುಣಿದೆವು. ತುಕ್ಕಿನಲ್ಲೂ ಬೇರೆ ಬೇರೆ ತಳಿಗಳಿವೆ, ಒಂದಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ ಎಂದು ವಿಲ್ಸನ್ ಮೇನ್ ಇದೇ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೂತು 1932ರಷ್ಟು ಹಿಂದೆಯೇ ತೋರಿಸಿದ್ದ. ಅದನ್ನೇ ಹೇಳಿ ನೀನು "ಇನ್ನೊಮ್ಮೆ ಮಾಡು" ಅಂದೆ, ಅಂದ ದಿನವೇ ಇಡೀ ಲ್ಯಾಬಿಗೆ ಮಸಾಲೆ ದೋಸೆಯನ್ನೂ ಕೊಡಿಸಿದೆ. ಇನ್ನೊಮ್ಮೆ ಮಾಡಿದೆ. ಮೂರು ಸಲ ಮಾಡಿದೆ. ಮೂರು ಸಲವೂ ಮೈತುಂಬ ತುಕ್ಕು.

ಬೂಷ್ಟು, ಆ ಏಳನೇ ಡಬ್ಬಕ್ಕೆ ನಾನು ಸ್ಪೋರ್ ಹಾಕಿರಲಿಲ್ಲ. ಮರೆತಿದ್ದೆ ಅನಿಸುತ್ತದೆ. ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಟಿಕ್ ಇರಲಿಲ್ಲ. ಆಮೇಲೆ ನಾನೇ ಹಾಕಿದೆ, ಟಿಕ್ ಅನ್ನು.

ಆ ತಿಂಗಳೇ ಮಗು ನಿಂತದ್ದು ಗೊತ್ತಾಯಿತು. ನೀವೆಲ್ಲ "ಅಯ್ಯೋ, ಪ್ರಾಜೆಕ್ಟು?" ಅಂದಿರಿ. ನಾನು ಹಾಸ್ಟೆಲಿಗೆ ಹೋಗಿ ಹಗಲು ಹೊತ್ತು ಗಡದ್ದಾಗಿ ನಿದ್ದೆ ಮಾಡಿದೆ. ಬದುಕಿದೆ ಅನಿಸಿತ್ತು. ಇನ್ನು ಯಾರೂ ಏಳನೇ ಡಬ್ಬದ ಬಗ್ಗೆ ಕೇಳುವುದಿಲ್ಲ.

ನಮ್ಮ ಜೊತೆಗಿದ್ದ ಗೆಳತಿಯನ್ನು ನೆನೆಸಿಕೋ. ಹೆರಿಗೆಯಾಗಿ ಎರಡೇ ತಿಂಗಳಿಗೆ ಬಂದು, ಕೋಲ್ಡ್ ರೂಮಿನ ಹಿಂದೆ ಹಾಲು ಹಿಂಡಿ ಚೆಲ್ಲಿ ಮತ್ತೆ ಬೆಂಚಿಗೆ ನಿಲ್ಲುತ್ತಿದ್ದಳು. ಅವಳ ರಿಸಲ್ಟೆಲ್ಲ ಸರಿಯಾಗಿತ್ತು. ಅವಳಿಗೇ "ಇನ್ನು ಮನೆ ಕಡೆ ನೋಡ್ಕೊಳ್ಳಮ್ಮ" ಅಂದರು. ಪಿಎಚ್‌.ಡಿ. ಅರ್ಧಕ್ಕೆ ನಿಂತಿತು. ಪಿಎಚ್‌.ಡಿ. ಮಾಡುವ ಹೆಂಗಸರಿಗೆ 240 ದಿನದ ರಜೆ ಎಂದು ಯುಜಿಸಿ ನಿಯಮ ತಂದದ್ದು 2016ರಲ್ಲಿ. ಅಷ್ಟರಲ್ಲಿ ಅವಳ ಮಗು ಅಂಗನವಾಡಿಗೆ ಹೋಗುತ್ತಿತ್ತು. ಈಗ ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಅವಳಿಗೆ ಯಾರೂ ಶಾಲು ಹೊದೆಸಿಲ್ಲ. ಅವಳ ಪಾಲಿನ ಚಪ್ಪಾಳೆ ನಾನು ತಗೊಂಡೆ. ನೀನು ಕಳಿಸಿದ ಯೋಜನೆಗಳ ವಿವರವನ್ನೆಲ್ಲ ಮೊದಲು ಅವಳಿಗೆ ಕಳಿಸಿದ್ದೇನೆ. "ನೋಡ್ತೀನಿ ಕಣೆ" ಅಂದಿದ್ದಾಳೆ. ಅವಳು ನೋಡ್ತೀನಿ ಅಂದರೆ ನೋಡುತ್ತಾಳೆ.

ನನ್ನ ವಿಷಯ ಬೇರೆ. ಈಗ ಮಗಳು ತಾನೇ ಜಡೆ ಹಾಕಿಕೊಳ್ಳುತ್ತಾಳೆ. ಅತ್ತೆ ಗಟ್ಟಿಯಾಗಿದ್ದಾರೆ. ಗಂಡ ಸಾರು ಮಾಡುತ್ತಾನೆ, ತಿನ್ನುವ ಹಾಗೂ ಇರುತ್ತದೆ. ಬಾಳೆಹೊನ್ನೂರು ಇಲ್ಲಿಂದ ಸುಮಾರು 50 ಕಿಲೋಮೀಟರು, ಬಸ್ಸಿದೆ. ಹಾಗಾಗಿ ಈ ಸಲ ಸೋತರೆ ನೆಪ ಹೇಳಲು ನನ್ನ ಹತ್ತಿರ ಯಾರೂ ಇಲ್ಲ.

ಥೂ, ಜಾಸ್ತಿ ಆಯಿತು. ಅಮ್ಮ ಇದನ್ನು ಓದುತ್ತಾಳೆ. ನಾಳೆ ಬೆಳಿಗ್ಗೆ ಫೋನ್ ಬರುತ್ತದೆ: "ಆ ಡಬ್ಬ ಯಾರದ್ದೇ, ವಾಪಸ್ ಕೊಟ್ಟಿಯಾ?" ನಿನ್ನ ದೋಸೆ ದುಡ್ಡು ಬಡ್ಡಿ ಸಮೇತ ಕೊಡುತ್ತೇನೆ. ಆವತ್ತು ನೀನು ತಿಂದ ಮೂರನೆಯದ್ದರ ಲೆಕ್ಕ ಮಾತ್ರ ನನ್ನ ತಲೆಗೆ ಕಟ್ಟಬೇಡ.

ಮೊನ್ನೆ ಸೋಮವಾರ ಹಿತ್ತಲಿನ ಎಲೆ ತಂದು ಬಿಲ್ಲೆ ಕತ್ತರಿಸಿದೆ. ಮಗಳ ಹಳೇ ಟಿಫಿನ್ ಡಬ್ಬ, ಒದ್ದೆ ಹತ್ತಿ, ಉಗ್ರಾಣದ ಕತ್ತಲು. ಅತ್ತೆ ಉಪ್ಪಿನಕಾಯಿ ಅಂದುಕೊಂಡು ಮುಚ್ಚಳ ತೆಗೆದು ನೋಡಿ ಏನೂ ಮಾತಾಡದೆ ಮುಚ್ಚಿಟ್ಟರು. ಮೇಲೆ 8 ಅಂತ ಬರೆದಿದ್ದೇನೆ. ಪುಸ್ತಕದಲ್ಲಿ "ಸ್ಪೋರ್ ಹಾಕಿದೆ" ಎಂದು ಬರೆದು ಸಾಕ್ಷಿಗೆ ಮಗಳ ಸಹಿ ತಗೊಂಡಿದ್ದೇನೆ. ಸಹಿಗೆ ಹತ್ತು ರೂಪಾಯಿ ಕೇಳಿದಳು.

ನಿನ್ನ,
ಡಬ್ಬ