ಕೋಚ್ ಸರ್ ಸಿಕ್ಕಿದ್ದರು

ಗೆಳೆಯರೇ, ಭಾನುವಾರ ಮೈಸೂರಿಗೆ ಹೋಗಿದ್ದೆ. ಸರಸ್ವತಿಪುರಂನಲ್ಲಿ ನಮ್ಮ ಬಾಸ್ಕೆಟ್‌ಬಾಲ್ ಕೋಚ್ ಸರ್ ಮನೆಯಲ್ಲಿ ಎರಡು ಗಂಟೆ ಕೂತಿದ್ದೆ. ಸುಮ್ನೆ ಮುಖ ನೋಡಿ ಬರೋಣ ಅಂತ ಹೋದವನಿಗೆ ಎದ್ದು ಬರಲು ಮನಸ್ಸೇ ಆಗಲಿಲ್ಲ.

ಬಾಗಿಲು ತೆಗೆದವರೇ ಕೇಳಿದ್ದು, "ಎಡಗೈ ಸರಿಹೋಯ್ತಾ?" 26 ವರ್ಷ ಆಗಿದೆ! ನೆನಪಿದೆ ಅಲ್ವಾ, ನನ್ನ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿ, ಎಡಗೈಯಲ್ಲೇ ಡ್ರಿಬಲ್ ಮಾಡಿಸುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ನಮಗಾಗಿ ಕಾಯುತ್ತಿದ್ದರು. ಆ ಒದ್ದೆ ಮಣ್ಣಿನ ವಾಸನೆ ಮತ್ತೆ ಮೂಗಿಗೆ ಬಂದಂತಾಯಿತು.

ಆಟದ ಮಾತು ಬಂದರೆ ಅವರ ದನಿ ಈಗಲೂ ಏರುತ್ತದೆ. 2000ದಲ್ಲಿ 30 ಸೆಕೆಂಡಿನ ಶಾಟ್ ಕ್ಲಾಕ್ (ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲೇಬೇಕಾದ ಸಮಯ) 24ಕ್ಕೆ ಇಳಿಯಿತಲ್ಲ, ಆಟಕ್ಕೆ ಜೀವ ಬಂದಿದ್ದೇ ಆಗ ಅನ್ನುತ್ತಾರೆ. ಮೂರು ಪಾಯಿಂಟ್ ಗೆರೆ (ಇದರಾಚೆಯಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ) 6.25 ಮೀಟರಿನಿಂದ 6.75ಕ್ಕೆ ಹೋಗಿದ್ದೂ ಅವರಿಗೆ ಇಷ್ಟವೇ. ಆದರೆ ಈಗಿನ ಮಕ್ಕಳು ಲೇಅಪ್ (ಬುಟ್ಟಿಯ ಹತ್ತಿರಕ್ಕೆ ಓಡಿ ಚೆಂಡು ಹಾಕುವುದು) ಕಲಿಯುವ ಮೊದಲೇ ದೂರದಿಂದ ಎಸೆಯುತ್ತಾರೆ ಅನ್ನುವ ಬೇಸರ ಇದೆ. ನನಗೂ ಅದು ನಿಜ ಅನ್ನಿಸಿತು.

ಸರ್‌ಗೆ ಮಂಡಿ ನೋವು ಜಾಸ್ತಿಯಾಗಿದೆ, ಹೊರಗೆ ಹೋಗುವುದು ಕಡಿಮೆ. ಹಾಗಾಗಿ ಒಂದು ಕೋರಿಕೆ. ಎಲ್ಲರೂ ಒಟ್ಟಿಗೆ ನುಗ್ಗಬೇಡಿ. ವಾರಕ್ಕೆ ಇಬ್ಬರಂತೆ, ಸಂಜೆ ಐದರ ನಂತರ ಹೋಗಿ. ಯಾರು ಯಾವಾಗ ಅಂತ ಇಲ್ಲೇ ಬರೆಯಿರಿ. ಹಳೇ ಟೀಮ್ ಫೋಟೋ ಇದ್ದವರು ಶುಕ್ರವಾರದೊಳಗೆ ಹಾಕಿ, ದೊಡ್ಡದಾಗಿ ಪ್ರಿಂಟ್ ಮಾಡಿಸಿ ಸರ್‌ಗೆ ಕೊಡುತ್ತೇನೆ. ಸರ್ ಮನೆಯ ಅಮ್ಮ ನಿಮ್ಮೆಲ್ಲರನ್ನೂ ಹೆಸರು ಹಿಡಿದು ಕೇಳಿದರು.