ಶೇ 10 ಅಂದರೆ ನಿಜಕ್ಕೂ ಶೇ 10 ಅಲ್ಲ

ಮಾನ್ಯ ಸಂಪಾದಕರೇ,

ವಾಷಿಂಗ್ ಮಷೀನ್ ಕೊಳ್ಳಲು ಹೋದಾಗ ಸಾಲ ಕೊಡುವವರು 'ಬಡ್ಡಿ ಬರೀ ಶೇ 10, ಫ್ಲ್ಯಾಟ್ ರೇಟ್' ಎಂದರು. ಕಡಿಮೆ ಅನ್ನಿಸಿತು, ಸುಮ್ನೆ ಸಹಿ ಹಾಕಿದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ತಲೆ ತಿರುಗಿತು.

ಫ್ಲ್ಯಾಟ್ ಲೆಕ್ಕದಲ್ಲಿ ಕೊನೆಯ ಕಂತಿನವರೆಗೂ ಪೂರ್ತಿ ಅಸಲಿನ ಮೇಲೆಯೇ ಬಡ್ಡಿ. ಆದರೆ ನಾವು ಮೊದಲ ತಿಂಗಳಿಂದಲೇ ಅಸಲು ತೀರಿಸುತ್ತಾ ಬಂದಿರುತ್ತೇವೆ, ಅಲ್ವಾ? ಒಂದು ವರ್ಷದ ಸಾಲದಲ್ಲಿ ಒಂಬತ್ತು ಕಂತು ಕಟ್ಟಿದ ಮೇಲೆ ಉಳಿಯುವ ಅಸಲು ಕಾಲು ಭಾಗ. ಬಡ್ಡಿ ಮಾತ್ರ ಮೊದಲ ದಿನದಷ್ಟೇ! ಹೀಗಾಗಿ ಒಂದು ವರ್ಷಕ್ಕೆ ಶೇ 10 ಫ್ಲ್ಯಾಟ್ ಎಂದರೆ, ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ಲೆಕ್ಕದಲ್ಲಿ ಸುಮಾರು ಶೇ 18 ಆಗುತ್ತದೆ. ಹೆಚ್ಚುಕಡಿಮೆ ದುಪ್ಪಟ್ಟು. ಪ್ರೊಸೆಸಿಂಗ್ ಶುಲ್ಕ ಸೇರಿದರೆ ಇನ್ನೂ ಜಾಸ್ತಿ.

ಇದು ಮೋಸ ಅಂತ ನಾನು ಹೇಳುತ್ತಿಲ್ಲ, ಕಾಗದದಲ್ಲಿ ಎಲ್ಲವೂ ಇತ್ತು. ನಾನು ಓದಲಿಲ್ಲ, ಅಷ್ಟೇ. ಆದರೂ ದೊಡ್ಡ ಅಕ್ಷರದಲ್ಲಿ ಶೇ 10 ಎಂದು ಬರೆಯುವವರು ಪಕ್ಕದಲ್ಲೇ ಶೇ 18 ಎಂದೂ ಬರೆಯಬಹುದಲ್ಲ?

ಸಾಲ ಕೇಳುವಾಗ ಸಂಕೋಚ ಬೇಡ. 'ರೆಡ್ಯೂಸಿಂಗ್ ಲೆಕ್ಕದಲ್ಲಿ ಎಷ್ಟು? ಶುಲ್ಕ ಎಷ್ಟು? ಮೊದಲೇ ತೀರಿಸಿದರೆ ದಂಡ ಇದೆಯಾ?' ಎಂದು ಕೇಳಿ. ಕ್ರೆಡಿಟ್ ಕಾರ್ಡ್‌ನದೂ ಇದೇ ಕಥೆ: ತಿಂಗಳಿಗೆ ಶೇ 3 ಕೇಳಲು ಚಿಕ್ಕದು, ಚಕ್ರಬಡ್ಡಿಯಾಗಿ ವರ್ಷಕ್ಕೆ ಶೇ 42 ದಾಟುತ್ತದೆ.

ನನ್ನ ಕಂತು ಇನ್ನೂ ನಾಲ್ಕು ಬಾಕಿ ಇವೆ.

— ಒಬ್ಬ ಓದುಗ