ಕಳ್ಳ ಕನ್ನಡದಲ್ಲಿ ಮಾತಾಡಿದ, ಬ್ಯಾಂಕು ಇಂಗ್ಲಿಷಿನಲ್ಲಿ ಎಚ್ಚರಿಸಿತು

ಮಾನ್ಯ ಸಂಪಾದಕರೇ,

ನಮ್ಮಮ್ಮ ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ವಾಚಕರ ಪತ್ರಗಳನ್ನೂ ಬಿಡುವುದಿಲ್ಲ. ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆ. ತಿಪಟೂರಿನಲ್ಲಿ ಕೊಬ್ಬರಿ ರೇಟು ಎಷ್ಟಾಯಿತು, ವಿಧಾನಸಭೆಯಲ್ಲಿ ಯಾರು ಯಾರಿಗೆ ಏನಂದರು, ಎಲ್ಲವೂ ಅವರಿಗೆ ಗೊತ್ತಿರುತ್ತದೆ. ಇಂಗ್ಲಿಷ್ ಬರುವುದಿಲ್ಲ. ಇಂಗ್ಲಿಷ್ ಅಂಕಿ ಬರುತ್ತದೆ. ಹೋದ ವರ್ಷ ಇದೇ ಕಾರಣಕ್ಕೆ ನಾವು 18,400 ರೂಪಾಯಿ ಕಳೆದುಕೊಂಡೆವು.

ಗೌರಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಅಮ್ಮ ಹಿತ್ತಲಲ್ಲಿ ಕಾಯಿ ಸುಲಿಸುತ್ತಿದ್ದರು. ಫೋನ್ ಬಂತು. ‘ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದೀನಿ. ನಿಮ್ಮದು ಕೆವೈಸಿ ಆಗಿಲ್ಲ. ಸಂಜೆಗೆ ಕಾರ್ಡ್ ಬ್ಲಾಕ್ ಆಗುತ್ತೆ’ ಅಂದನಂತೆ. ಒಳ್ಳೇ ಕನ್ನಡ. ಮನೆ ಹುಡುಗನ ಹಾಗೆ ಮಾತಾಡಿದ. ಊಟ ಆಯ್ತಾ ಅಂತಲೂ ಕೇಳಿದ. ಕಾರ್ಡಿನ ಮೇಲಿದ್ದ ನಂಬರು, ಹಿಂದಿನ ಮೂರು ಅಂಕಿ ಎಲ್ಲ ಓದಿಸಿಕೊಂಡ. ಆಮೇಲೆ ಟಿಣ್ ಅಂತ ಒಂದು ಮೆಸೇಜ್ ಬಂತು. ಇಂಗ್ಲಿಷಿನಲ್ಲಿ. ‘ಅದರಲ್ಲಿ ಆರು ಅಂಕಿ ಇರೋದು ಓದಿ ಅಮ್ಮ’ ಅಂದ.

ಅಮ್ಮ ದಡ್ಡರಲ್ಲ. ಮೆಸೇಜಿನಲ್ಲಿ 18400 ಅಂತ ಇನ್ನೊಂದು ಅಂಕಿ ಇರುವುದನ್ನು ನೋಡಿದರು. ಇದೇನು ಅಂತ ಕೇಳಿಯೂ ಕೇಳಿದರು. ‘ಅದು ನಿಮ್ಮ ಫೈಲ್ ನಂಬರ್’ ಅಂದ. ಅಂಕಿಯ ಹಿಂದೆ ಮುಂದೆ ಇದ್ದದ್ದೆಲ್ಲ ಇಂಗ್ಲಿಷ್. ಇಷ್ಟು ದುಡ್ಡು ನಿಮ್ಮ ಖಾತೆಯಿಂದ ಹೋಗಲಿದೆ ಅಂತ ಅಲ್ಲೇ ಬರೆದಿತ್ತು. ಕೊನೆಗೆ ‘ಡು ನಾಟ್ ಶೇರ್’ ಅಂತಲೂ ಇತ್ತು. ಅಮ್ಮನ ಪಾಲಿಗೆ ಅದು ಖಾಲಿ ಕಾಗದ. ಆರು ಅಂಕಿ ಓದಿ ಹೇಳಿದರು.

ಮರುದಿನ ಪಕ್ಕದ ಮನೆಯ ಪಿಯುಸಿ ಹುಡುಗ ಮೆಸೇಜ್ ನೋಡಿ ಹೇಳಿದ ಮೇಲೆಯೇ ವಿಷಯ ಗೊತ್ತಾಗಿದ್ದು. ನಾನು ಸೈಬರ್ ವಂಚನೆಯ ದೂರು ತೆಗೆದುಕೊಳ್ಳುವ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ದೂರು ಬರೆದುಕೊಂಡರು. ಅಷ್ಟರಲ್ಲಿ ದುಡ್ಡು ಬೇರೆ ಬೇರೆ ಖಾತೆಗೆ ಹಂಚಿ ಹೋಗಿತ್ತು. ಶಾಖೆಗೆ ಹೋದರೆ ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ‘ಮೇಡಂ, ಒಟಿಪಿ ಹೇಳಬೇಡಿ ಅಂತ ಮೆಸೇಜಿನಲ್ಲೇ ಇದೆಯಲ್ಲ, ನಿಮ್ಮ ತಾಯಿಯೇ ಹೇಳಿದ್ದಾರೆ, ನಾವೇನು ಮಾಡೋಕಾಗುತ್ತೆ’ ಅಂದರು. ಅವರು ಹೇಳಿದ್ದು ನಿಯಮದ ಮಾತೇ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಹೀಗೇ ಹೇಳಿತ್ತು. ಗ್ರಾಹಕರು ತಾವಾಗಿ ಗುಟ್ಟಿನ ಸಂಖ್ಯೆ ಬಿಟ್ಟುಕೊಟ್ಟರೆ ಅದು ಅವರ ಅಜಾಗರೂಕತೆ. ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ಅವರದ್ದೇ.

ನನಗೆ ನಿದ್ದೆ ಬಾರದಂತೆ ಮಾಡಿದ್ದು ಈ ಮಾತು. ಎಚ್ಚರಿಕೆ ಕೊಟ್ಟಿದ್ದೇವೆ ಅಂತ ಬ್ಯಾಂಕು ಹೇಳುತ್ತದೆ. ಯಾರಿಗೆ ಕೊಟ್ಟಿರಿ? ಓದಲು ಬಾರದ ಭಾಷೆಯಲ್ಲಿ ಹೇಳಿದ್ದು ಎಚ್ಚರಿಕೆ ಹೇಗಾಗುತ್ತದೆ? ಕಳ್ಳ ನಮ್ಮಮ್ಮನ ಭಾಷೆಯನ್ನು ತಿಳಿದುಕೊಂಡು ಬಂದ. ನಲವತ್ತು ವರ್ಷದಿಂದ ಅಮ್ಮನ ಖಾತೆ ಇಟ್ಟುಕೊಂಡ ಬ್ಯಾಂಕು ತಿಳಿದುಕೊಳ್ಳಲಿಲ್ಲ.

ಇದನ್ನು ನಾನು ಹೊರಗಿನವಳಾಗಿ ಬರೆಯುತ್ತಿಲ್ಲ. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ದುಡ್ಡು ಕಳಿಸುವ ಆ್ಯಪ್‌ಗಳನ್ನು ಜನರ ಕೈಗೆ ಹೋಗುವ ಮೊದಲು ಪರೀಕ್ಷಿಸುವುದೇ ನನ್ನ ಕೆಲಸ. ಕನ್ನಡ ಯಾಕೆ ಹಿಂದೆ ಬೀಳುತ್ತದೆ ಅಂತ ನನಗೆ ಒಳಗಿನಿಂದ ಗೊತ್ತು.

ಮೆಸೇಜ್ ವಿಚಾರ ಎತ್ತಿದರೆ ಮೊದಲು ಬರುವ ಉತ್ತರ ಖರ್ಚಿನದ್ದು. ಒಂದು ಎಸ್‌ಎಂಎಸ್‌ನಲ್ಲಿ ಇಷ್ಟೇ ಜಾಗ ಅಂತ ಮಿತಿ ಇದೆ. ಇಂಗ್ಲಿಷ್ ಅಕ್ಷರವಾದರೆ 160 ಹಿಡಿಯುತ್ತವೆ. ಕನ್ನಡ ಬಂದರೆ ಲೆಕ್ಕ ಯೂನಿಕೋಡಿಗೆ, ಅಂದರೆ ಎಲ್ಲ ಭಾಷೆಯ ಲಿಪಿಗೂ ಇರುವ ಸಂಕೇತಕ್ಕೆ, ತಿರುಗುತ್ತದೆ. ಆಗ ಹಿಡಿಯುವುದು ಬರೀ 70. ಅದೂ ನಾವು ಎಣಿಸುವ ಅಕ್ಷರ ಅಲ್ಲ. ‘ಶ್ರೀ’ ನಮಗೆ ಒಂದು ಅಕ್ಷರ. ಯಂತ್ರಕ್ಕೆ ನಾಲ್ಕು: ಶ, ಅದಕ್ಕೆ ಒತ್ತು ಬೆಸೆಯುವ ಕೊಂಡಿ, ರ, ಆಮೇಲೆ ‘ಈ’ಕಾರದ ಗುರುತು. ‘ಅಮ್ಮ’ ಅಂದರೂ ನಾಲ್ಕೇ. ಹಾಗಾಗಿ ಇಂಗ್ಲಿಷಿನ ಉದ್ದ ಒಕ್ಕಣೆಯನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ಒಂದು ಮೆಸೇಜ್ ಎರಡೋ ಮೂರೋ ಆಗುತ್ತದೆ. ಬ್ಯಾಂಕಿಗೆ ಬಿಲ್ಲೂ ಅಷ್ಟೇ ಪಟ್ಟು. ಮೀಟಿಂಗಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಾನೂ ಎಷ್ಟೋ ಸಲ ತಲೆ ಆಡಿಸಿದ್ದೇನೆ. ಅಮ್ಮನ ದುಡ್ಡು ಹೋದ ಮೇಲೆ ಒಂದು ರಾತ್ರಿ ಕೂತು ಬರೆದು ನೋಡಿದೆ. ಪದಕ್ಕೆ ಪದ ಯಾಕೆ ಬೇಕು? ಅಮ್ಮನಿಗೆ ಏನು ಹೇಳಬೇಕೋ ಅಷ್ಟು ಹೇಳಿದರೆ ಸಾಕಲ್ವಾ? ಹೀಗೆ ಬಂತು:

‘₹18400 ನಿಮ್ಮ ಖಾತೆಯಿಂದ ಹೋಗುತ್ತದೆ. ಈ ಅಂಕಿ ಯಾರಿಗೂ ಹೇಳಬೇಡಿ: 482913’

ಯಂತ್ರದ ಲೆಕ್ಕದಲ್ಲೇ ಎಣಿಸಿದೆ, ನಡುವಿನ ಖಾಲಿ ಜಾಗ ಸೇರಿಸಿ. 62. ಒಂದೇ ಮೆಸೇಜ್, ಇನ್ನೂ 8 ಜಾಗ ಮಿಕ್ಕಿದೆ. ಯಾವ ಬ್ಯಾಂಕು ಅನ್ನುವುದು ಮೇಲೆ ಕಳಿಸಿದವರ ಹೆಸರಿನ ಜಾಗದಲ್ಲೇ ಇರುತ್ತದೆ. ದುಡ್ಡು ಮೊದಲು, ಗುಟ್ಟಿನ ಅಂಕಿ ಕೊನೆಗೆ. ಅಂಕಿ ಹುಡುಕುವಷ್ಟರಲ್ಲಿ ಎಚ್ಚರಿಕೆ ಕಣ್ಣಿಗೆ ಬಿದ್ದೇ ಬೀಳಬೇಕು ಅಂತ ಹಾಗಿಟ್ಟೆ. ಊರಿಗೆ ಹೋದಾಗ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೇ ಉಸಿರಿಗೆ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಿಂಗೆ ಬಂದಿದ್ರೆ ನಾನ್ಯಾಕೆ ಹೇಳ್ತಿದ್ದೆ’ ಅಂದರು.

ಆ್ಯಪ್‌ಗಳ ಕನ್ನಡದ್ದು ಇನ್ನೊಂದು ಕತೆ. ಇಂಗ್ಲಿಷಿಗೆ ಅಳತೆ ಮಾಡಿದ ಪೆಟ್ಟಿಗೆಯೊಳಗೆ ಕನ್ನಡ ತುರುಕುತ್ತೇವೆ. ಇಂಗ್ಲಿಷ್ ಅಕ್ಷರದ ಕೆಳಗೆ ಒತ್ತು ಇಲ್ಲ. ಸಾಲಿನ ಎತ್ತರ ಅದಕ್ಕೆ ಹೊಂದಿಸಿದ್ದು. ಕನ್ನಡ ಬಂದಾಗ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ‘ಮೊತ್ತ’ ಅನ್ನುವುದು ‘ಮೊತ’ ಆಗಿ ಕಾಣುತ್ತದೆ. ಬ್ಯಾಲೆನ್ಸ್ ಅನ್ನುವ ಕಡೆ ‘ಸಮತೋಲನ’ ಅಂತ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಳ್ಳಿಯಲ್ಲೂ ಜನ ಬ್ಯಾಲೆನ್ಸ್ ಅಂತಲೇ ಅನ್ನುತ್ತಾರೆ. ಕನ್ನಡ ಲಿಪಿಯಲ್ಲಿ ‘ಬ್ಯಾಲೆನ್ಸ್’ ಅಂತ ಬರೆದರೆ ಆಯಿತು. ಅಮ್ಮನಂಥವರನ್ನು ಒಂದು ಮಾತು ಕೇಳಿದ್ದರೆ ಅವರೇ ಹೇಳುತ್ತಿದ್ದರು. ಇಂಥ ಕನ್ನಡ ನೋಡಿ ಬೇಸತ್ತು ಜನ ಎರಡು ದಿನಕ್ಕೆ ಇಂಗ್ಲಿಷಿಗೆ ಬದಲಾಯಿಸಿಕೊಳ್ಳುತ್ತಾರೆ. ಆಮೇಲೆ ನಮ್ಮ ಕಡೆಯಿಂದ ‘ಕನ್ನಡ ಯಾರೂ ಬಳಸುತ್ತಿಲ್ಲ’ ಅಂತ ವರದಿ ಹೋಗುತ್ತದೆ. ಮುಂದಿನ ವರ್ಷ ಕನ್ನಡದ ಕೆಲಸಕ್ಕೆ ಜನವೂ ಇಲ್ಲ, ಸಮಯವೂ ಇಲ್ಲ. ಈ ಸುತ್ತು ನಾನು ಮೂರು ಕಡೆ ನೋಡಿದ್ದೇನೆ.

ಮಾಡಬೇಕು ಅಂದರೆ ಆಗುತ್ತದೆ. ನಮ್ಮ ಬೀದಿಯ ತುದಿಯಲ್ಲಿ ಎಳನೀರು ಮಾರುವವರ ಗಾಡಿಗೆ ಒಂದು ಚಿಕ್ಕ ಪೆಟ್ಟಿಗೆ ನೇತುಹಾಕಿದ್ದಾರೆ. ಯುಪಿಐನಲ್ಲಿ ದುಡ್ಡು ಹಾಕಿದರೆ ಅದು ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗುತ್ತದೆ. ಅವರು ಕತ್ತಿ ಕೆಳಗಿಡದೆ, ಫೋನ್ ನೋಡದೆ ವ್ಯಾಪಾರ ಮಾಡುತ್ತಾರೆ. ಯುಪಿಐ ಬಂದಿದ್ದು 2016ರಲ್ಲಿ. ಗಾಡಿಯವರಿಗೆ ಇಂಗ್ಲಿಷಿನಲ್ಲಿ ಕೂಗುವ ಪೆಟ್ಟಿಗೆ ಕೊಟ್ಟರೆ ಬಾಡಿಗೆ ಹುಟ್ಟುವುದಿಲ್ಲ ಅಂತ ಕಂಪನಿಗಳಿಗೆ ಬೇಗ ಅರ್ಥವಾಯಿತು. ಬರುವ ದುಡ್ಡನ್ನು ಕನ್ನಡದಲ್ಲಿ ಹೇಳಬಹುದಾದರೆ ಹೋಗುವ ದುಡ್ಡನ್ನೂ ಹೇಳಬಹುದು.

ನಮ್ಮ ರಾಜಕೀಯದವರಿಗೂ ಇದು ಗೊತ್ತು. 2023ರ ವಿಧಾನಸಭೆ ಚುನಾವಣೆ, 2024ರ ಲೋಕಸಭೆ ಚುನಾವಣೆ, ಎರಡರಲ್ಲೂ ಅಮ್ಮನಿಗೆ ಬಂದ ಮತಯಾಚನೆಯ ಕರೆ, ಮೆಸೇಜ್ ಅಷ್ಟೂ ಕನ್ನಡದಲ್ಲೇ ಇದ್ದವು. ಎಲ್ಲ ಪಕ್ಷದವೂ. ಆಗ 70 ಅಕ್ಷರದ ಲೆಕ್ಕ ಯಾರಿಗೂ ಅಡ್ಡ ಬರಲಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ, ಒಂದು ಕೋಟಿಗೂ ಜಾಸ್ತಿ ಹೆಂಗಸರಿಗೆ. ನಾನು ಆ ಯೋಜನೆಯನ್ನು ಮೆಚ್ಚುತ್ತೇನೆ. ಊರಿನಲ್ಲಿ ಅಮ್ಮನ ಬೀದಿಯ ಹೆಂಗಸರ ಕೈಯಲ್ಲಿ ಅದರಿಂದ ಒಂದಿಷ್ಟು ಧೈರ್ಯ ಬಂದಿದೆ. ಆದರೆ ದುಡ್ಡು ಬಂತಾ ಇಲ್ವಾ ಅಂತ ತಿಳಿಯಲು ಅವರು ಆ ಪಿಯುಸಿ ಹುಡುಗನ ಹತ್ತಿರ ಫೋನ್ ಹಿಡಿದು ನಿಲ್ಲಬೇಕು. ಅವನಿಲ್ಲದಿದ್ದರೆ ಬಸ್ ಹತ್ತಿ ಬ್ಯಾಂಕಿಗೆ ಹೋಗಬೇಕು. ಒಳ್ಳೆಯ ಹುಡುಗ, ನಿಜ. ಹಾಗಂತ ಊರಿನ ಎಲ್ಲ ಹೆಂಗಸರ ಖಾತೆಯ ಲೆಕ್ಕ ಒಬ್ಬ ಹುಡುಗನಿಗೆ ಗೊತ್ತಿರುವುದು ಸರಿಯಾ?

ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದರು. ಅದು ಬೇಕಿತ್ತು, ನಾನು ಅದರ ಪರ. ಅದೇ ವರ್ಷ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಅನ್ನುವ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟು, ಕಂಪನಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿದರು. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಒಂದು ಶಾಖೆಯಲ್ಲಿ ಮ್ಯಾನೇಜರ್ ಕನ್ನಡ ಮಾತಾಡಲ್ಲ ಅಂದಾಗ ಮುಖ್ಯಮಂತ್ರಿಗಳೇ ಖಂಡಿಸಿದರು. ಮ್ಯಾನೇಜರ್ ವರ್ಗಾವಣೆಯೂ ಆಯಿತು. ಆ ಸಿಟ್ಟು ನ್ಯಾಯದ್ದೇ. ಅದೇ ಸಿಟ್ಟು ನಮ್ಮ ಫೋನಿಗೆ ದಿನಾ ಬರುವ ಇಂಗ್ಲಿಷ್ ಮೆಸೇಜಿನ ಮೇಲೆ ಯಾಕೆ ಬರುವುದಿಲ್ಲ? ಆ ಮ್ಯಾನೇಜರ್ ವಿಡಿಯೊದಲ್ಲಿ ಸಿಕ್ಕರು. ಮೆಸೇಜಿಗೆ ಮುಖ ಇಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅಮ್ಮ ಬ್ಯಾಂಕ್ ಶಾಖೆಗೆ ಹೋಗುವುದು ವರ್ಷಕ್ಕೆ ಎರಡೋ ಮೂರೋ ಸಲ. ಉಳಿದ ದಿನ ಅವರ ಪಾಲಿಗೆ ಆ ಮೆಸೇಜೇ ಬ್ಯಾಂಕು.

ಕಾಗದದ ಕಾಲಕ್ಕೆ ರಿಸರ್ವ್ ಬ್ಯಾಂಕ್ ಸರಿಯಾದ ನಿಯಮ ಮಾಡಿತ್ತು. ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಬುಕ್ ಎಲ್ಲ ಇಂಗ್ಲಿಷ್, ಹಿಂದಿ ಜೊತೆಗೆ ಆ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ. ಚೆಕ್ಕನ್ನು ಕನ್ನಡದಲ್ಲಿ ಬರೆದರೂ ತೆಗೆದುಕೊಳ್ಳಬೇಕು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನಮ್ಮಪ್ಪ ಬದುಕಿರುವವರೆಗೆ ಕನ್ನಡದಲ್ಲೇ ಚೆಕ್ ಬರೆದರು. ‘ಹದಿನೆಂಟು ಸಾವಿರದ ನಾನೂರು ಮಾತ್ರ’ ಅಂತ ಅಕ್ಷರದಲ್ಲಿ ಬರೆದು, ಉಳಿದ ಜಾಗಕ್ಕೆ ಗೆರೆ ಎಳೆದು, ಸಹಿ ಹಾಕಿದ ಮೇಲೆಯೇ ದುಡ್ಡು ಹೋಗುತ್ತಿತ್ತು. ಎಷ್ಟು ಹೋಗುತ್ತಿದೆ ಅಂತ ಕೈಗೂ ಗೊತ್ತಿರುತ್ತಿತ್ತು. ಈಗ ಆರು ಅಂಕಿಗೆ ಅಷ್ಟೇ ದುಡ್ಡು ಹೋಗುತ್ತದೆ. ಚೆಕ್ಕಿಗೆ ಇದ್ದ ನಿಯಮ ಈ ಆರು ಅಂಕಿಗೂ ಬೇಕು. ದುಡ್ಡಿನ ಮೆಸೇಜ್ ಗ್ರಾಹಕರು ಕೇಳಿದ ಭಾಷೆಯಲ್ಲಿ ಬರಬೇಕು, ಬರದಿದ್ದರೆ ‘ನಾವು ಎಚ್ಚರಿಸಿದ್ದೆವು’ ಅಂತ ಬ್ಯಾಂಕು ಹೇಳುವಂತಿಲ್ಲ. ರಿಸರ್ವ್ ಬ್ಯಾಂಕ್ ಇಷ್ಟು ಬರೆದರೆ ಸಾಕು. ನಮ್ಮ ಮೀಟಿಂಗುಗಳಲ್ಲಿ ಖರ್ಚಿನ ಮಾತು ಅವತ್ತೇ ನಿಲ್ಲುತ್ತದೆ.

ಅಲ್ಲಿಯವರೆಗೆ ರಾಜ್ಯ ಸರ್ಕಾರ ಸುಮ್ನೆ ಕೂರಬೇಕಿಲ್ಲ. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಸಭೆಗೆ ಸರ್ಕಾರದ ಅಧಿಕಾರಿಗಳೂ ಹೋಗುತ್ತಾರೆ. ಗೃಹಲಕ್ಷ್ಮಿಯ ದುಡ್ಡು ಜಮಾ ಆದ ಮೆಸೇಜ್ ಕನ್ನಡದಲ್ಲಿ ಬರಲಿ ಅಂತ ಅಲ್ಲಿ ಕೇಳಲಿ. ಒಂದು ಕೋಟಿ ಖಾತೆಯ ದುಡ್ಡು ಕಳಿಸುವವರ ಮಾತನ್ನು ಬ್ಯಾಂಕುಗಳು ತಳ್ಳಿಹಾಕುವುದು ಸುಲಭವಲ್ಲ.

ನನ್ನ ಹಾಗೆ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರಿಗೂ ಒಂದು ಮಾತು. ಬಿಡುಗಡೆಗೆ ಮೊದಲು ಫೋನನ್ನು ಕನ್ನಡಕ್ಕೆ ಹಾಕಿ ಹತ್ತು ನಿಮಿಷ ಬಳಸಿ ನೋಡಿ. ಒತ್ತು ಕತ್ತರಿಸಿದ್ದು ಕಂಡರೆ ತಪ್ಪು ಅಂತ ದಾಖಲಿಸಿ. ‘ಆಮೇಲೆ ನೋಡೋಣ’ ಅಂದರೆ ಮತ್ತೆ ದಾಖಲಿಸಿ. ನಾನು ಈ ವರ್ಷ ಹಾಗೇ ಮಾಡುತ್ತಿದ್ದೇನೆ. ಒಂಬತ್ತು ತಪ್ಪು ಹಾಕಿದೆ. ನಾಲ್ಕು ಸರಿಯಾಗಿವೆ. ‘ಮೊತ್ತ’ಕ್ಕೆ ಈಗ ಒತ್ತು ಇದೆ.

ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ‘ನನ್ನ ಖಾತೆಯ ಮೆಸೇಜ್ ಕನ್ನಡದಲ್ಲಿ ಕಳಿಸಿ’ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಅಲ್ಲೇ ಮರೆತುಹೋಗುತ್ತದೆ. ಇನ್ನೊಂದು ಪ್ರತಿ ಇಟ್ಟುಕೊಂಡು ಅದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅಮ್ಮ ಹೋದ ತಿಂಗಳು ಕೊಟ್ಟು ಬಂದಿದ್ದಾರೆ. ಸೀಲು ಹಾಕಿದ ಪ್ರತಿ ಪಾಸ್‌ಬುಕ್ಕಿನ ಒಳಗಿದೆ. ಉತ್ತರ ಇನ್ನೂ ಬಂದಿಲ್ಲ. ಮೇಲೆ ಬರೆದ 62 ಅಕ್ಷರದ ಸಾಲನ್ನು ಯಾವ ಬ್ಯಾಂಕಿನವರು ಬೇಕಾದರೂ ಹಾಗೇ ಎತ್ತಿಕೊಳ್ಳಬಹುದು.

— ನಿಮ್ಮ ಓದುಗಿ, ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು